ಬಾಗಿಲ ಹೊರಗೆ ನಿಂತು ಕರೆದ ಬಿರುದು

ಕೆಂಗಲ್ಲುದುರ್ಗದ ಪಡುವಣ ಬಾಗಿಲಿನಿಂದ ಅರ್ಧ ಹರಿದಾರಿ ನಡೆದರೆ ಒಂದು ಹಳ್ಳ, ಆ ಹಳ್ಳದ ದಂಡೆಯಲ್ಲಿ ಒಂದು ಸುಣ್ಣದ ಗೂಡು. ಪೂಜ್ಯ ಗೂಡಿನಜ್ಜನವರು ತಮ್ಮ ಜೀವಿತದ ಇಪ್ಪತ್ತೆರಡು ವರ್ಷಗಳನ್ನು ಕಳೆದದ್ದು ಆ ಗೂಡಿನ ಬೆಂಕಿಯೆದುರು. ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಹಳ್ಳದಿಂದ ಸುಣ್ಣದ ಕಲ್ಲು ಆರಿಸಿ ತರುವುದು, ಇದ್ದಿಲಿನ ಜೊತೆ ಪದರ ಪದರವಾಗಿ ಗೂಡಿಗೆ ತುಂಬುವುದು, ಸುಟ್ಟು ತಣಿದ ಮೇಲೆ ತೆಗೆದು ಕೇಳಿದವರಿಗೆ ಕೊಡುವುದು, ಇದೇ ಅವರ ನಿತ್ಯದ ಅನುಷ್ಠಾನವಾಗಿತ್ತು. ಬೆರಳ ತುದಿಗಳು ಸುಣ್ಣಕ್ಕೆ ಸವೆದು ಗೆರೆಗಳೇ ಇಲ್ಲದಂತಾಗಿದ್ದವು. ಮನೆಗೆ ಬಳಿಯಲು ಸುಣ್ಣ ಕೇಳಿಕೊಂಡು ಬಂದ ಹೆಂಗಸರು ಮನಸ್ಸಿನಲ್ಲಿದ್ದುದನ್ನೂ ಅಲ್ಲೇ ಇಳಿಸಿ ಹೋಗುತ್ತಿದ್ದರು. ಅಜ್ಜನವರ ಮೂಲ ಹೆಸರನ್ನು ಬಲ್ಲವರಿಲ್ಲ. "ಅಜ್ಜಾ" ಎಂದು ಕರೆದರೆ "ಹ್ಞೂ" ಎನ್ನುತ್ತಿದ್ದರು. ಅವರಿಗೆ ಅಷ್ಟು ಸಾಕಿತ್ತು, ಕರೆದವರಿಗೂ ಸಾಕಾಗುತ್ತಿತ್ತು.

ಅವರ ಬಳಿಗೆ ಒಮ್ಮೆ ಹೊಗಳುಭಟನೊಬ್ಬ ಬಂದ ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ.

ಹೊಗಳುಭಟ ಎಂದರೆ ಇಂದು ನಾವು ಮೂಗು ಮುರಿಯುತ್ತೇವೆ. ಯಾರದೋ ಹಿಂದೆ ಮುಂದೆ ಸುತ್ತುತ್ತ ಹಲ್ಲು ಗಿಂಜುವವನಿಗೆ ಆ ಹೆಸರು ಕೊಟ್ಟುಬಿಟ್ಟಿದ್ದೇವೆ. ಆಗ ಹಾಗಿರಲಿಲ್ಲ. ಅದು ತಲೆತಲಾಂತರದಿಂದ ಕಲಿತು ಮಾಡುವ ಕೆಲಸ. ಓಬಳರಾಜನಿಗೆ ಅವನ ತಂದೆ ಏಳನೆಯ ವಯಸ್ಸಿನಿಂದಲೇ ಅದನ್ನು ಕಲಿಸಿದ್ದ. ದೊರೆ ನಡೆಯುವಾಗ ಪರಾಕು ಹೇಳಬೇಕು, ಕುಳಿತ ಮೇಲೆ ಬಿರುದು ಹೇಳಬೇಕು. ಕೊಟ್ಟದ್ದರಿಂದ ಬಂದದ್ದನ್ನು ಕೀರ್ತಿ ಎನ್ನಬೇಕು, ಗೆದ್ದದ್ದರಿಂದ ಬಂದದ್ದನ್ನು ಯಶಸ್ಸು ಎನ್ನಬೇಕು, ಒಂದನ್ನು ಹೇಳುವ ಕಡೆ ಇನ್ನೊಂದನ್ನು ಹೇಳಬಾರದು. ಸ್ತುತಿ ಎಂಬ ಮಾತನ್ನು ದೇವರಿಗಲ್ಲದೆ ಇನ್ನೊಬ್ಬರಿಗೆ ಬಳಸಿದರೆ ಬೆನ್ನ ಮೇಲೆ ಬಾಸುಂಡೆ ಬರುತ್ತಿತ್ತು. ಹೀಗೆ ಪೆಟ್ಟು ತಿಂದು ಕಲಿತ ಓಬಳರಾಜನ ಕಂಠ ಎಂಥದ್ದೆಂದರೆ, ಹೆಬ್ಬಾಗಿಲಲ್ಲಿ ನಿಂತು ಕೂಗಿದರೆ ಬಯಲಾಚೆಯ ಹುಣಸೆಮರದ ಕೆಳಗಿದ್ದವರಿಗೆ ಅಕ್ಷರ ಅಕ್ಷರವೂ ಕೇಳಿಸುತ್ತಿತ್ತು.

ದುರ್ಗದ ಪಾಳೆಯಗಾರ ಕಾಟಪ್ಪ ನಾಯಕ. ಈ ಹೆಸರಿನ ಮುಂದೆ ಬಹುವಚನ ಬರೆಯಲು ಸದ್ಯಕ್ಕೆ ನನಗೆ ಮನಸ್ಸು ಬರುತ್ತಿಲ್ಲ. ಓದುವವರು ಕ್ಷಮಿಸಬೇಕು. ಅವನ ಮನೆತನಕ್ಕೆ ಇಪ್ಪತ್ತನಾಲ್ಕು ಬಿರುದುಗಳು. ಪ್ರತಿ ಸೋಮವಾರದ ಒಡ್ಡೋಲಗದಲ್ಲಿ ಓಬಳರಾಜ ತನಗೆಂದೇ ಹಾಸಿದ ಕಲ್ಲಿನ ಮೇಲೆ ನಿಂತು ಅವನ್ನು ಹೇಳಬೇಕು. ಒಂದೊಂದಕ್ಕೂ ಬೆತ್ತದವನು ಬೆಳ್ಳಿಕಟ್ಟಿನ ಕೋಲನ್ನು ನೆಲಕ್ಕೆ ಕುಟ್ಟಬೇಕು. ಮೊದಲು ಕೋಲಿನ ಸದ್ದು, ಆಮೇಲೆ ಬಿರುದು, ಅದರ ಹಿಂದೆಯೇ ಸಭೆಯ "ಪರಾಕ್!" ಹೀಗೆ ಇಪ್ಪತ್ತನಾಲ್ಕು ಸಲ. ಅಷ್ಟನ್ನೂ ಹೇಳಿ ಮುಗಿಸುವ ಮೊದಲು ಆ ಕಲ್ಲಿನಿಂದ ಇಳಿಯುವಂತಿಲ್ಲ, ಒಂದನ್ನು ಬಿಡುವಂತಿಲ್ಲ, ಹಿಂದು ಮುಂದು ಮಾಡುವಂತಿಲ್ಲ.

ಅವುಗಳಲ್ಲಿ ಹತ್ತೊಂಬತ್ತನೆಯದು 'ಶರಣಾಗತ ವಜ್ರಪಂಜರ'. ಶರಣು ಬಂದವರ ಸುತ್ತ ವಜ್ರದ ಪಂಜರದಂತೆ ನಿಂತು ಕಾಯುವವನು ಎಂದು ಅದರ ಅರ್ಥ.

ಆ ಭಾದ್ರಪದದಲ್ಲಿ ಆ ಬಿರುದು ಓಬಳರಾಜನ ಬಾಯಿಂದ ಹೊರಡುವುದು ನಿಂತುಹೋಯಿತು.

ಮೊದಲ ಸೋಮವಾರ ಅವನಿಗೇ ನಂಬಿಕೆಯಾಗಲಿಲ್ಲ. ಹದಿನೆಂಟನೆಯದು ಎಂದಿನಂತೆ ಸಭೆಯ ಕಂಬಕಂಬಕ್ಕೂ ತಾಗಿ ಮೊಳಗಿತು. ಕೋಲು ಬಿತ್ತು. ಓಬಳರಾಜ ಬಾಯಿ ತೆರೆದ. ಹಸಿ ಹುಲ್ಲು ಅಗಿದಂಥ ಒಗರು ನಾಲಿಗೆಯ ಬುಡದಿಂದ ಮೇಲೆ ಬಂತು, ಗಂಟಲು ಕಟ್ಟಿತು. ಪರಾಕ್ ಎನ್ನಲು ಉಸಿರು ತೆಗೆದುಕೊಂಡಿದ್ದ ಸಭೆ ಹಾಗೇ ಉಸಿರು ಹಿಡಿದು ಕೂತಿತು. ಅವನು ಗಾಬರಿಯಿಂದ ಇಪ್ಪತ್ತನೆಯದಕ್ಕೆ ಹಾರಿದ. ಸಿಂಹಾಸನದ ಮೇಲಿದ್ದ ಕಾಟಪ್ಪ ನಾಯಕ ಕತ್ತು ತಿರುಗಿಸಿ ನೋಡಿದ.

ಎರಡನೆಯ ಸೋಮವಾರವೂ ಅದೇ ಆಯಿತು. ಮೂರನೆಯದರಲ್ಲೂ ಆಯಿತು. ಆ ದಿನ ನಾಯಕ ಎಲ್ಲರನ್ನೂ ಹೊರಗೆ ಕಳುಹಿಸಿ ಅವನೊಬ್ಬನನ್ನು ನಿಲ್ಲಿಸಿಕೊಂಡ.

"ಓಬಳಯ್ಯಾ, ನಮ್ಮ ಬಿರುದು ಎಷ್ಟು?"

"ಇಪ್ಪತ್ತನಾಲ್ಕು, ಬುದ್ಧಿ."

"ನನಗೆ ಇಪ್ಪತ್ಮೂರೇ ಕೇಳಿಸ್ತಾ ಐತೆ."

ನಾಯಕ ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಓಬಳರಾಜನಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

"ವಿಜಯದಶಮಿ ಓಲಗಕ್ಕೆ ಮೂರು ಸೀಮೆಯ ರಾಯಭಾರಿಗಳು ಬರ್ತಾರೆ. ಅವತ್ತು ಇಪ್ಪತ್ತನಾಲ್ಕೂ ಕೇಳಬೇಕು. ಕೇಳದಿದ್ರೆ ಆ ನಾಲಿಗೆ ಇಟ್ಕೊಂಡು ಏನು ಮಾಡ್ತೀಯ? ಅದರ ಮೇಲೆ ಸುಟ್ಟ ಸುಣ್ಣ ಇಡಿಸ್ತೀನಿ."

ನೀರು ಕಾಣದ ಸುಟ್ಟ ಸುಣ್ಣ ಎಂದರೆ ಏನೆಂದು ಆ ಸೀಮೆಯವರಿಗೆ ಹೇಳಬೇಕಾಗಿರಲಿಲ್ಲ. ಒದ್ದೆ ತಾಗಿದೊಡನೆ ಅದು ಕುದಿಯುತ್ತದೆ. ಬಾಯೊಳಗೆ ಇಟ್ಟರೆ ಅಲ್ಲಿನ ನೀರಿನಲ್ಲೇ ಕುದಿಯುತ್ತದೆ.

ಒಂದು ಬಿರುದಿಗಾಗಿ ಇಷ್ಟೇಕೆ ಎಂದು ಕೇಳಬಹುದು. ನನಗೆ ತೋರುವುದು ಇಷ್ಟು. ನಿಜವಾಗಿಯೂ ಇರುವ ಕೀರ್ತಿಯನ್ನು ಹೇಳಿಸಿಕೊಳ್ಳಲು ಯಾರಿಗೂ ಅಂಥ ಅವಸರವಿರುವುದಿಲ್ಲ. ಕಾಟಪ್ಪ ನಾಯಕನಿಗೆ ಉಳಿದ ಇಪ್ಪತ್ತಮೂರರಲ್ಲಿ ಯಾವುದನ್ನು ಬಿಟ್ಟಿದ್ದರೂ ಗೊತ್ತಾಗುತ್ತಿತ್ತೋ ಇಲ್ಲವೋ. ಈ ಒಂದನ್ನು ಬಿಟ್ಟದ್ದು ಮಾತ್ರ ಅವನ ಎದೆಗೇ ಹೋಗಿ ನಾಟಿತ್ತು. ಯಾಕೆಂದು ಅವನಿಗೂ ಗೊತ್ತಿತ್ತು, ಓಬಳರಾಜನಿಗೂ ಗೊತ್ತಿತ್ತು.

ಮುಂದಿನ ದಿನಗಳಲ್ಲಿ ಓಬಳರಾಜ ಪಟ್ಟ ಪಾಡನ್ನು ಹೇಳಿದರೆ ನಗು ಬರಬೇಕು, ಆದರೆ ಬರುವುದಿಲ್ಲ. ಪಂಡಿತರು ನಾಲಿಗೆಗೆ ಬಜೆ ತೇದು ಹಚ್ಚಿದರು. ಎಳೆಗೂಸಿಗೆ ಮಾತು ಬರಲೆಂದು ಹಚ್ಚುವ ಬಜೆಯನ್ನು ಐವತ್ತು ದಾಟಿದ ಹೊಗಳುಭಟ ಚೀಪುತ್ತ ಕೂತ. ಜೇನು, ಶುಂಠಿ, ಅತಿಮಧುರ ಎಲ್ಲ ಆದವು. ಹಿತ್ತಲ ಬಾವಿಯೊಳಗೆ ತಲೆ ಬಗ್ಗಿಸಿ ಇಪ್ಪತ್ತನಾಲ್ಕನ್ನೂ ಹೇಳಿ ನೋಡಿದ. ಹದಿನೆಂಟರವರೆಗೆ ಬಾವಿ ಮರುನುಡಿಯಿತು, ಆಮೇಲೆ ಸುಮ್ಮನಾಯಿತು. ಬಾವಿಯ ನೀರಿನಲ್ಲಿ ತನ್ನ ತೆರೆದ ಬಾಯಿಯನ್ನೇ ಕಂಡು ಹಿಂದಕ್ಕೆ ಹಾರಿ ಬಿದ್ದ. ಉಂಡ ಅನ್ನವೆಲ್ಲ ಹುಲ್ಲಿನ ರುಚಿಯಾಯಿತು.

ಹೆಂಡತಿ ಹಂಪವ್ವ ನೋಡುವಷ್ಟು ನೋಡಿದಳು. ಹಬ್ಬಕ್ಕೆ ಎರಡೇ ದಿನ ಉಳಿದಾಗ ಬಜೆಯ ಬಟ್ಟಲನ್ನು ಎತ್ತಿ ಹಿತ್ತಲಿಗೆ ಎಸೆದಳು.

"ಇನ್ನು ಸಾಕು. ಗೂಡಿನಜ್ಜನ ಹತ್ರ ಹೋಗ್ರಿ."

"ಆ ಸುಣ್ಣ ಸುಡೋ ಮುದುಕನ ಹತ್ರವಾ? ಹಿಂದೊಂದು ಬಿರುದಿಲ್ಲ, ಮುಂದೊಂದು ಬಾವಲಿಯಿಲ್ಲ. ಜನ ಬಾಯ್ತುಂಬ ಹೊಗಳದೆ ಇರೋನು ಎಂಥಾ ಮಹಾತ್ಮನೇ?"

"ಬಿರುದು ಇದ್ದೋರ ಹತ್ರ ಮೂವತ್ತು ವರ್ಷ ಇದ್ರಲ್ಲ, ಏನು ಕೊಟ್ರು? ಸುಣ್ಣ ಇಡ್ತೀನಿ ಅಂದವ್ರೆ. ಹೋಗ್ರಿ, ನಿಮಗೆ ಕೈ ಮುಗೀತೀನಿ."

ಓಬಳರಾಜ ಹೊರಟ. ನಂಬಿಕೆಯಿಂದ ಹೊರಡಲಿಲ್ಲ, ಬೇರೆ ದಾರಿ ಇರಲಿಲ್ಲ ಎಂದು ಹೊರಟ. ಗೂಡು ಕಾಣುವಷ್ಟು ದೂರ ಬಂದಾಗ ಅಭ್ಯಾಸಬಲದಿಂದ ನಿಂತು, ಬಲಗೈ ಎತ್ತಿ, ಮಹಾತ್ಮರಿಗೆ ಸಲ್ಲುವ ಮಾತುಗಳನ್ನು ಮೊಳಗಿಸಿದ.

"ಶ್ರೀಮತ್ಪರಮಹಂಸ ಪರಿವ್ರಾಜಕ, ಸಕಲಸಿದ್ಧಿಸಂಪನ್ನ, ತ್ರಿಕಾಲಜ್ಞಾನಿ, ಭಕ್ತಜನ ಕಲ್ಪವೃಕ್ಷ..."

ಕಲ್ಲಿನ ಪುಟ್ಟಿ ಹೊತ್ತು ಬರುತ್ತಿದ್ದ ಅಜ್ಜನವರು ನಿಂತು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ಯಾರಪ್ಪಾ ಅಷ್ಟು ದೊಡ್ಡೋರು? ಅವರು ಇಲ್ಲಿಲ್ಲ. ನಾನೊಬ್ಬನೇ ಇರೋದು" ಎಂದು ಹೇಳಿ ಪುಟ್ಟಿ ಇಳಿಸಿದರು.

ಓಬಳರಾಜನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಷ್ಟರಲ್ಲಿ ಗೂಡಿನ ಪಕ್ಕದಲ್ಲಿ ಬಾಳೆಲೆಯಿಂದ ಬಾಯಿ ಕಟ್ಟಿದ ಒಂದು ಹೊಸ ಮಡಕೆ ಅವನ ಕಣ್ಣಿಗೆ ಬಿತ್ತು. ಅದರ ಕತ್ತಿಗೆ ಅರಮನೆಯ ಕೆಂಪು ದಾರ ಸುತ್ತಿತ್ತು. ದುರ್ಗಕ್ಕೆ ಬೇಕಾದ ಸುಣ್ಣವೆಲ್ಲ ಈ ಗೂಡಿನಿಂದಲೇ ಹೋಗುತ್ತದೆಂಬುದು ಅವನಿಗೆ ಆಗ ನೆನಪಾಯಿತು. ಸಿಟ್ಟೆಲ್ಲ ಇಳಿದು ಮೈ ತಣ್ಣಗಾಯಿತು.

"ಅದು... ಅದು ಯಾರಿಗೆ?"

"ನಿನಗೇ ಅಂತೆ" ಎಂದರು ಅಜ್ಜನವರು. "ನಿನ್ನೆ ಬಂದು ಹೇಳಿ ಹೋದ್ರು. ಹಬ್ಬದ ದಿನ ನೀರು ತಾಗದ ಹಾಗೆ ತರಬೇಕಂತೆ."

ಅವರು ಇದನ್ನು ಮುಚ್ಚಿಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಓಬಳರಾಜ ನಿಂತಲ್ಲೇ ಕುಸಿದು ಅವರ ಸುಣ್ಣದ ಪಾದಗಳನ್ನು ಹಿಡಿದುಕೊಂಡ. ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದುದು ಆ ಭಯದಲ್ಲಿ ತಾನಾಗಿಯೇ ಹೊರಬಂತು.

ಭಾದ್ರಪದದಲ್ಲಿ ದನ ಹಿಡಿಯುವ ಜಗಳದಲ್ಲಿ ಮುಳ್ಳಿನಹಟ್ಟಿಯವರ ಕವಣೆಕಲ್ಲು ತಗುಲಿ ನಾಯಕನ ತಮ್ಮ ಸತ್ತಿದ್ದ. ಮೂರನೆಯ ದಿನ ಹಟ್ಟಿಯ ಒಂಬತ್ತು ಮಂದಿ ತಪ್ಪೊಪ್ಪಿಕೊಳ್ಳಲು ಬಂದರು. ಹೆಬ್ಬಾಗಿಲ ತನಕ ಬರುವ ಧೈರ್ಯ ಅವರಿಗಾಗಲಿಲ್ಲ. ಹುಣಸೆಮರದ ಕೆಳಗೆ ನಿಂತು, ಬರಲೋ ಬೇಡವೋ ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆಗಲೇ ನಾಯಕ ಕುದುರೆಯೇರಿ ಬಾಗಿಲು ದಾಟಿದ. ದೊರೆ ಹೆಬ್ಬಾಗಿಲು ದಾಟುವಾಗಲೂ ಬಿರುದು ಹೇಳುವ ಪದ್ಧತಿಯಿತ್ತು. ಓಬಳರಾಜ ಹೇಳಿದ. ಹತ್ತೊಂಬತ್ತನೆಯದು ಬಯಲೆಲ್ಲ ತುಂಬಿತು.

"ಅದು ಅವರ ಕಿವಿಗೆ ಬಿತ್ತು ಅಜ್ಜಾರೇ. ಬಿದ್ದದ್ದನ್ನ ನಾನು ಕಣ್ಣಾರೆ ನೋಡಿದೆ. ಮುಂದಿದ್ದ ಮುದುಕ ತಲೆ ಎತ್ತಿ ನನ್ನ ಕಡೆ ನೋಡಿದ. ಆಮೇಲೆ ಬಗ್ಗಿ ಹುಲ್ಲು ಕಿತ್ತು ಬಾಯಲ್ಲಿ ಕಚ್ಚಿದ. ಒಂಬತ್ತು ಜನಾನೂ ಕಚ್ಚಿದ್ರು. ಕೈ ಮುಗಿದುಕೊಂಡು ನಡೆದು ಬಂದ್ರು."

ಹುಲ್ಲು ಕಚ್ಚಿ ಬಂದವನನ್ನು ಹಗೆಯೂ ಮುಟ್ಟಬಾರದು ಎಂಬುದು ಆ ಕಾಲದ ಕಟ್ಟಳೆ. ನಾಯಕನಿಗೆ ತಮ್ಮನ ಚಿತೆಯ ಬಿಸಿ ಇನ್ನೂ ಆರಿರಲಿಲ್ಲ. ಅವನು ಹಿಂದಿದ್ದ ದಂಡಿಗೆ ಕೈ ಎತ್ತಿ ಸನ್ನೆ ಮಾಡಿದ. ಮುಂದಿನದನ್ನು ಓಬಳರಾಜ ಅಜ್ಜನವರಿಗೆ ಹೇಳಿದ, ನಾನು ಇಲ್ಲಿ ಬರೆಯುವುದಿಲ್ಲ.

"ಆ ಮುದುಕ ಬೀಳುವಾಗಲೂ ದೊರೆ ಕಡೆ ನೋಡಲಿಲ್ಲ. ನನ್ನ ಕಡೆಗೇ ನೋಡ್ತಿದ್ದ. ಬಾಯಲ್ಲಿ ಹುಲ್ಲು ಹಂಗೇ ಇತ್ತು. ನಾನು ಕೂಗದೇ ಇದ್ದಿದ್ರೆ ಅವರು ಮರದ ಹತ್ರದಿಂದಲೇ ಹಿಂದಕ್ಕೆ ಹೋಗ್ತಿದ್ರು. ಈಗ ಆ ಮಾತು ಹೇಳೋಕೆ ಹೋದ್ರೆ ಅವನ ಬಾಯಿನ ಹುಲ್ಲು ನನ್ನ ಬಾಯಿಗೆ ಬರ್ತದೆ." ಓಬಳರಾಜ ಮಗುವಿನಂತೆ ಅತ್ತ. "ಸತ್ತೋರು ಸತ್ತರು. ನನಗೆ ನಾಲಿಗೆ ಉಳಿಸಿಕೊಡಿ. ಒಂದೇ ಒಂದು ಸಲ ಆ ಮಾತು ಬಾಯಿಂದ ಬರೋ ಹಂಗೆ ಮಾಡಿ. ನಿಮ್ಮ ಕೀರ್ತಿಯನ್ನ ನಾಕು ದಿಕ್ಕಿಗೂ ಸಾರ್ತೀನಿ."

ಅಜ್ಜನವರ ಕಣ್ಣುಗಳಲ್ಲಿ ನೀರಿತ್ತು. ಸುಣ್ಣದ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ, ಹಾಗಾಗಿ ಅದು ಇಳಿದು ಹೋಗಲಿ ಎಂದು ಬಿಟ್ಟರು.

"ಒಂಬತ್ತು ಜನ ಆ ಮಾತು ನಂಬಿದ್ರು" ಎಂದರು ಕೊನೆಗೆ. "ಹೇಳಿದ ನೀನು ನಂಬಿರಲಿಲ್ಲ, ಹೇಳಿಸಿಕೊಂಡ ಅವನೂ ನಂಬಿರಲಿಲ್ಲ."

ಅಜ್ಜನವರು ಅವನೆದುರು ನೆಲದ ಮೇಲೆ ಕುಳಿತರು.

"ಆ ಬಿರುದನ್ನ ಮೊದಲು ಯಾರು ಅಂದದ್ದು ತಮ್ಮಾ?"

ಇದಕ್ಕೆ ಅವನಲ್ಲಿ ಉತ್ತರವಿತ್ತು. ಮನೆತನದ ಹೆಮ್ಮೆಯ ಕಥೆ ಅದು. ಅವನ ಮುತ್ತಜ್ಜ ಎಲ್ಲಿಂದಲೋ ಓಡಿ ಬಂದವನು. ಹಿಂದೆ ರಾವುತರು ಅಟ್ಟಿಸಿಕೊಂಡು ಬರುತ್ತಿದ್ದರು. ದುರ್ಗದ ಹೆಬ್ಬಾಗಿಲು ಮುಚ್ಚಿತ್ತು. ಮುತ್ತಜ್ಜ ಬಾಗಿಲಿಗೆ ಹಣೆ ಹಚ್ಚಿ ಈ ಮಾತನ್ನು ಕೂಗಿದ. ಈಗಿನ ನಾಯಕನ ಮುತ್ತಜ್ಜ ಊಟದ ಕೈಯಲ್ಲೇ ಓಡಿ ಬಂದು ಅಗುಳಿ ತೆಗೆದು ಅವನನ್ನು ಒಳಗೆ ಎಳೆದುಕೊಂಡ. ಆ ದಿನದಿಂದ ನಾಯಕನ ಮನೆತನಕ್ಕೆ ಆ ಬಿರುದು ಬಂತು, ಓಬಳರಾಜನ ಮನೆತನಕ್ಕೆ ಬಿರುದು ಹೇಳುವ ಕೆಲಸ ಬಂತು. ಓಬಳರಾಜ ಈ ಕಥೆಯನ್ನು ಒಪ್ಪಿಸಿದ.

ಅಜ್ಜನವರು ಕೇಳಿದರು, "ನಿಮ್ಮ ಮುತ್ತಜ್ಜ ಬಾಗಿಲು ತೆಗೆದ ಮೇಲೆ ಅಂದನೋ, ತೆಗೆಯೋಕೆ ಮುಂಚೆ ಅಂದನೋ?"

"ಮುಂಚೆ."

"ಹಂಗಾದ್ರೆ ಅದು ಹೊಗಳಿದ್ದಲ್ಲ. ಕರೆದದ್ದು."

ಗೂಡಿನೊಳಗೆ ಕಲ್ಲೊಂದು ಸಿಡಿದ ಸದ್ದಾಯಿತು. ಓಬಳರಾಜ ಅವರ ಮುಖ ನೋಡುತ್ತ ಕುಳಿತ. ಏಳನೆಯ ವಯಸ್ಸಿನಿಂದ ಸಾವಿರಾರು ಸಲ ಹೇಳಿದ ಮಾತು ಅದು. ಯಾವ ಬಾಗಿಲ ಹೊರಗೆ ನಿಂತು, ಎಂಥ ಗಂಟಲಿನಿಂದ ಅದು ಮೊದಲು ಹೊರಟಿತ್ತು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಅಜ್ಜನವರು ಹಳ್ಳದ ಅಂಚಿನಿಂದ ಒಂದು ಗರಿಕೆ ಕಿತ್ತು ಅವನ ಕೈಯಲ್ಲಿಟ್ಟರು.

"ಹೋಗಿ ಕರೆ" ಎಂದರು.

"ಬಾಗಿಲು ತೆಗೀದಿದ್ರೆ ಅಜ್ಜಾರೇ?"

"ಅದು ನನಗೂ ಗೊತ್ತಿಲ್ಲ. ನಾನೂ ಬರ್ತೀನಿ. ಸುಣ್ಣ ತರೋನು ನಾನೇ ಅಲ್ಲವಾ."

ತ್ರಿಕಾಲಜ್ಞಾನಿ ಎಂದು ಕರೆದಿದ್ದವನ ಎದುರು ಅಜ್ಜನವರು ತಮಗೆ ಗೊತ್ತಿಲ್ಲ ಎಂದುಬಿಟ್ಟರು. ಓಬಳರಾಜನ ಭಯ ಅದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆದರೂ ಆ ಗರಿಕೆಯನ್ನು ಅವನು ಬಿಸಾಡಲಿಲ್ಲ. ಮುಂಡಾಸಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋದ.

ವಿಜಯದಶಮಿಯ ಬೆಳಗ್ಗೆ ಓಲಗ ಕಿಕ್ಕಿರಿದಿತ್ತು. ಮೂರು ಸೀಮೆಯ ರಾಯಭಾರಿಗಳು ನಾಯಕನ ಬಲಗಡೆ ಕುಳಿತಿದ್ದರು. ಬಾಗಿಲ ಕಂಬದ ಬಳಿ ಅಜ್ಜನವರು ಮಡಕೆಯನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಓಬಳರಾಜ ಕಲ್ಲಿನ ಮೇಲೆ ಹತ್ತಿದಾಗ ಆ ಮಡಕೆಯ ಕೆಂಪು ದಾರ ಬಿಟ್ಟು ಬೇರೇನೂ ಅವನಿಗೆ ಕಾಣಿಸುತ್ತಿರಲಿಲ್ಲ.

ಕೋಲು ಬಿತ್ತು. "ಅರಿರಾಯ ಗಜಸಿಂಹ!" ಸಭೆ ಪರಾಕ್ ಎಂದಿತು. ಕೋಲು ಬಿತ್ತು. "ಸಂಗ್ರಾಮಧೀರ!" ಮತ್ತೆ ಪರಾಕ್. ಹತ್ತು ಆಯಿತು. ಹದಿನೈದಾಯಿತು. ಒಂದೊಂದು ಬಿರುದಿಗೂ ಓಬಳರಾಜನಿಗೆ ಒಂದೊಂದು ಮೆಟ್ಟಿಲು ಇಳಿದು ಕತ್ತಲ ನೆಲಮಾಳಿಗೆಗೆ ಹೋಗುತ್ತಿರುವಂತೆ ಆಗುತ್ತಿತ್ತು. ಬೆನ್ನ ಬೆವರು ಕಚ್ಚೆಯವರೆಗೆ ಇಳಿದಿತ್ತು. ಹದಿನೆಂಟನೆಯದನ್ನು ಹೇಳಿ ಮುಗಿಸಿದ. ನಾಯಕ ಸಿಂಹಾಸನದ ತೋಳನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿದ.

ಕೋಲು ಬಿತ್ತು.

ಹುಲ್ಲಿನ ಒಗರು ಬಂತು. ಗಂಟಲು ಕಟ್ಟಿತು. ಸಭೆ ಉಸಿರು ಹಿಡಿಯಿತು. ಓಡಿಹೋಗಲು ಅವನ ಕಾಲುಗಳು ತಯಾರಾಗಿದ್ದವು, ಆದರೆ ಬಾಗಿಲಲ್ಲಿ ಕಾವಲಿತ್ತು. ಆಗ ಅವನು ಮುಂಡಾಸಿನಿಂದ ಆ ಬಾಡಿದ ಗರಿಕೆಯನ್ನು ತೆಗೆದ. ಮೂವತ್ತು ವರ್ಷಗಳಲ್ಲಿ ಓಲಗದ ನಡುವೆ ಇಳಿಯದಿದ್ದ ಕಲ್ಲಿನಿಂದ ಇಳಿದ. ಸಭೆಯ ನಡುವೆ ನಡೆದು ಸಿಂಹಾಸನದ ಕೆಳಗೆ ಬಂದು, ಗರಿಕೆಯನ್ನು ಹಲ್ಲಿನಲ್ಲಿ ಕಚ್ಚಿ, ನೆಲಕ್ಕೆ ಹಣೆ ಹಚ್ಚಿದ.

ರಾಯಭಾರಿಗಳು ಎದ್ದು ನಿಂತರು. ಹಬ್ಬದ ದಿನ, ತುಂಬಿದ ಓಲಗದಲ್ಲಿ, ದೊರೆಯ ಹೊಗಳುಭಟನೇ ಹುಲ್ಲು ಕಚ್ಚಿ ಬಿದ್ದದ್ದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

ಹಲ್ಲಿನ ಹುಲ್ಲನ್ನು ಅಂಗೈಗೆ ತೆಗೆದುಕೊಂಡು ಓಬಳರಾಜ ಬಾಯಿ ತೆರೆದ. ಈಗ ಬಂದ ಧ್ವನಿ ಅವನ ಎಂದಿನ ಧ್ವನಿಯಲ್ಲ. ಅದರಲ್ಲಿ ಮೊಳಗಿರಲಿಲ್ಲ, ಏರಿಳಿತವಿರಲಿಲ್ಲ. ಹಿಂದೆ ಕುದುರೆಗಳ ಸದ್ದು, ಮುಂದೆ ಮುಚ್ಚಿದ ಬಾಗಿಲು ಇದ್ದವನು ಕೂಗುವ ಹಾಗೆ ಅವನು ಕೂಗಿದ.

"ಶರಣಾಗತ ವಜ್ರಪಂಜರಾ!"

ಯಾರೂ ಪರಾಕ್ ಎನ್ನಲಿಲ್ಲ.

"ಒಂಬತ್ತು ಜನ ಈ ಮಾತು ನಂಬಿ ಬಂದಿದ್ರು ಬುದ್ಧಿ. ನನ್ನ ಬಾಯಿಂದ ಕೇಳಿ ಬಂದಿದ್ರು. ನಾನು ಹತ್ತನೆಯವನು."

ನಾಯಕನ ಮುಖದಲ್ಲಿ ರಕ್ತವಿರಲಿಲ್ಲ. ಕೈ ಕತ್ತಿಯ ಹಿಡಿಗೆ ಹೋಯಿತು. "ಸುಣ್ಣ!" ಎಂದ. ಅದು ಅರಚಿದಂತಿತ್ತು.

ಅಜ್ಜನವರು ಬಂದರು. ಅವಸರವಿಲ್ಲದೆ ನಡೆದು ಬಂದು, ಬಿದ್ದವನಿಗೂ ಕುಳಿತವನಿಗೂ ನಡುವೆ ಮಡಕೆಯನ್ನಿಟ್ಟರು. ದಾರ ಬಿಚ್ಚಿ ಬಾಳೆಲೆ ತೆಗೆದರು. ತಂಬಿಗೆಯ ನೀರನ್ನೆಲ್ಲ ಮಡಕೆಗೆ ಸುರಿದರು. ಸುಣ್ಣ ಭುಸ್ಸೆಂದು ಎದ್ದಿತು. ಕಲ್ಲುಗಳು ಬಿರಿದವು, ಬಿಳಿಯ ಹಬೆ ಉಕ್ಕಿತು. ಹತ್ತಿರದಲ್ಲಿದ್ದವರು ಮುಖ ಮುಚ್ಚಿಕೊಂಡು ಹಿಂದೆ ಸರಿದರು. ಅಜ್ಜನವರು ಸರಿಯಲಿಲ್ಲ.

"ಕಾಟಪ್ಪಾ" ಎಂದರು. ಆ ಸಭೆಯಲ್ಲಿ ಇಪ್ಪತ್ತನಾಲ್ಕು ಬಿರುದುಗಳಿಲ್ಲದೆ ಆ ಹೆಸರನ್ನು ಯಾರೂ ಹೇಳಿರಲಿಲ್ಲ. "ಅವನು ಕರೆದವ್ನೆ. ಮೊದಲು ಓಗೊಡು. ಸುಣ್ಣ ಇಲ್ಲೇ ಐತೆ."

ಅಷ್ಟೇ ಮಾತು.

ಮಡಕೆ ಕುದಿಯುತ್ತಲೇ ಇತ್ತು. ಓಬಳರಾಜ ಹಣೆ ಎತ್ತಲಿಲ್ಲ. ಹಬೆಯ ಬಿಸಿ ಅವನ ನೆತ್ತಿಗೆ ತಾಗುತ್ತಿತ್ತು. ಈಗ ಹಿಡಿಯುತ್ತಾರೆ, ಈಗ ದವಡೆ ಬಿಡಿಸುತ್ತಾರೆ ಎಂದು ಒಂದೊಂದು ಗುಳ್ಳೆ ಒಡೆದಾಗಲೂ ಅವನ ಮೈ ಮುದುಡಿತು. ಕಾಲ ಎಷ್ಟು ಹೋಯಿತೋ ಅವನಿಗೆ ತಿಳಿಯಲಿಲ್ಲ. ಅಜ್ಜನವರ ಧೂಳಿನ ಪಾದ ಮಾತ್ರ ಕಣ್ಣಂಚಿನಲ್ಲಿ ಕಾಣುತ್ತಿತ್ತು, ಅದು ಕದಲಲಿಲ್ಲ. ಕುದಿತ ನಿಧಾನವಾಯಿತು. ಹಬೆ ತೆಳುವಾಯಿತು. ಕೊನೆಗೆ ಮಡಕೆಯಲ್ಲಿ ಎಲೆಯಡಿಕೆಗೆ ಹಚ್ಚುವಂಥ ಮೆತ್ತನೆಯ ಸುಣ್ಣ ಅರಳಿ ನಿಂತಿತು. ಇನ್ನು ಅದು ಯಾರ ನಾಲಿಗೆಯ ಮೇಲೂ ಕುದಿಯುವಂತಿರಲಿಲ್ಲ.

ಸಿಂಹಾಸನದ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು.

ಕಾಟಪ್ಪ ನಾಯಕ ಇಳಿದು ಬಂದು ಓಬಳರಾಜನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅವನ ಅಂಗೈಯಲ್ಲಿದ್ದ ಗರಿಕೆಯನ್ನು ತೆಗೆದುಕೊಂಡ. ಓಬಳರಾಜ ಆಗ ಮುಖ ಎತ್ತಿ ನೋಡಿದ. ಇಷ್ಟು ದಿನ ತನ್ನ ಮುಖದ ಮೇಲೆ ಯಾವ ಭಯ ಹೊತ್ತು ತಿರುಗಿದ್ದನೋ ಅದೇ ಭಯ ದೊರೆಯ ಮುಖದ ಮೇಲಿತ್ತು.

"ಅವರು ನನ್ನ ಕನಸಿನಾಗೆ ಬರ್ತಾರೆ ಓಬಳಯ್ಯಾ" ಎಂದ, ಇನ್ನಾರಿಗೂ ಕೇಳಿಸದಷ್ಟು ಮೆಲ್ಲಗೆ. "ನೀನು ಆ ಬಿರುದು ಹೇಳಿಬಿಟ್ರೆ ಬರಲ್ಲ ಅಂದ್ಕೊಂಡಿದ್ದೆ."

ಆಮೇಲೆ ಎದ್ದು ನಿಂತು ಸಭೆಗೆಲ್ಲ ಕೇಳುವಂತೆ ಹೇಳಿದ. "ಓಗೊಟ್ಟಿದ್ದೀನಿ. ಬಾಗಿಲು ತೆಗೆದಿದ್ದೀನಿ. ಇವನನ್ನ ಯಾರೂ ಮುಟ್ಟಕೂಡದು. ಇವತ್ತಿನಿಂದ ಓಲಗದಲ್ಲಿ ಹತ್ತೊಂಬತ್ತನೇ ಕೋಲು ಬೀಳಲಿ, ಬಿರುದು ಹೇಳಬ್ಯಾಡ. ಪರಾಕೂ ಬ್ಯಾಡ. ನನಗದು ಇನ್ನೂ ಬಂದಿಲ್ಲ."

ಆ ದಿನದಿಂದ ಕಾಟಪ್ಪ ನಾಯಕರು ಬದುಕಿದ್ದ ಹದಿನಾಲ್ಕು ವರ್ಷವೂ ಕೆಂಗಲ್ಲುದುರ್ಗದ ಓಲಗದಲ್ಲಿ ಹಾಗೆಯೇ ನಡೆಯಿತು. ಹತ್ತೊಂಬತ್ತನೆಯ ಕೋಲು ಬೀಳುತ್ತಿತ್ತು, ತುಂಬಿದ ಸಭೆ ಮೌನವಾಗುತ್ತಿತ್ತು, ನಾಯಕರು ತಲೆ ಬಗ್ಗಿಸುತ್ತಿದ್ದರು. ಅವರು ಒಬ್ಬರೇ ಬರಿಗಾಲಲ್ಲಿ ಮುಳ್ಳಿನಹಟ್ಟಿಗೆ ಹೋಗಿ ಒಂಬತ್ತು ಮನೆಗಳ ಹೊಸ್ತಿಲ ಹೊರಗೆ ನಿಂತರೆಂದೂ ಹೇಳುತ್ತಾರೆ. ಕೆಲವು ಬಾಗಿಲು ತೆರೆದವಂತೆ, ಕೆಲವು ತೆರೆಯಲಿಲ್ಲವಂತೆ. ಕಂಡವರಿಂದ ಕೇಳಿದ್ದಲ್ಲವಾದ್ದರಿಂದ ಅದನ್ನು ನಾನು ಬೆಳೆಸುವುದಿಲ್ಲ.

ಓಬಳರಾಜನ ಬಾಯಿಯ ಒಗರು ಅಂದೇ ಹೋಯಿತು. ಮರುದಿನ ಬೆಳಗ್ಗೆ ಅವನು ಗೂಡಿನ ಕಡೆಗೆ ನಡೆದ. ದಾರಿಯುದ್ದಕ್ಕೂ ಅಜ್ಜನವರಿಗೆ ಸಲ್ಲುವ ಮಾತುಗಳನ್ನು ಕಟ್ಟುತ್ತ ಬಂದ. ಅಭಯಪ್ರದಾಯಕ ಎಂದ, ಕರುಣಾಸಮುದ್ರ ಎಂದ, ತನ್ನ ತಂದೆ ಕಲಿಸಿದ ಮಾತುಗಳಲ್ಲಿ ಅತಿ ಎತ್ತರದವನ್ನು ಆರಿಸಿಕೊಂಡ. ಹಳ್ಳದ ದಂಡೆಗೆ ಬಂದಾಗ ಅಜ್ಜನವರು ಅವನಿಗೆ ಬೆನ್ನು ಮಾಡಿ ಗೂಡಿಗೆ ಕಲ್ಲು ತುಂಬುತ್ತಿದ್ದರು. ಓಬಳರಾಜ ನಿಂತ. ಅಭ್ಯಾಸದಂತೆ ಬಲಗೈ ಎತ್ತಿದ. ಆ ಬಗ್ಗಿದ ಬೆನ್ನನ್ನು ನೋಡುತ್ತ ನೋಡುತ್ತ ಎತ್ತಿದ ಕೈ ತಾನಾಗಿ ಇಳಿಯಿತು, ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹೋದವು.

"ಅಜ್ಜಾ" ಎಂದ.

"ಹ್ಞೂ" ಎಂದರು ಅಜ್ಜನವರು.

ಓಬಳರಾಜ ಅಲ್ಲೇ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟ. ಆಮೇಲೆ ಎದ್ದು ಪುಟ್ಟಿ ತೆಗೆದುಕೊಂಡು ಕಲ್ಲು ಆರಿಸಲು ಹಳ್ಳಕ್ಕೆ ಇಳಿದ. ಅಂದು ಅವನಿಗೆ ಓಗೊಟ್ಟ ಆ ಧ್ವನಿ, ಎಲ್ಲಿಯೋ ಒಂದು ಮುಚ್ಚಿದ ಬಾಗಿಲ ಹೊರಗೆ ನಿಂತು ಕರೆಯುತ್ತಿರುವ ನಮಗೂ ಕೇಳಿಸಲಿ.